ಜೋನಳ ಪರವಾಗಿ ಉತ್ತರಿಸುವವರು

ಕತ್ತಿ ಹಿಡಿದ ಹೆಣ್ಣಿನ ಕತೆಗೆ ನಾಟಕಕಾರರೂ ಸಿನಿಮಾ ನಿರ್ದೇಶಕರೂ ಸುಲಭವಾಗಿ ಮಾರುಹೋಗುತ್ತಾರೆ. ಕುದುರೆ, ಕೋಟೆ, ಧ್ವಜ, ರಣರಂಗ ಎಲ್ಲವೂ ರಂಗಕ್ಕೂ ತೆರೆಗೂ ಹೇಳಿ ಮಾಡಿಸಿದಂಥವು. ಆದರೆ ಆ ಹೆಣ್ಣು, ತಾನು ಹೊರಟದ್ದು ದೇವರ ಅಪ್ಪಣೆಯಿಂದ ಎಂದು ಹೇಳತೊಡಗಿದ ಕೂಡಲೇ ಅವರಿಗೆ ಇರುಸುಮುರುಸು ಆರಂಭವಾಗುತ್ತದೆ. ಅವಳ ಶೌರ್ಯವನ್ನು ಹಾಗೆಯೇ ಸ್ವೀಕರಿಸುವವರು ಅವಳ ವಿಶ್ವಾಸಕ್ಕೆ ಮಾತ್ರ ಬೇರೊಂದು ಕಾರಣ ಹುಡುಕುತ್ತಾರೆ. ಫ್ರಾನ್ಸಿನ ಜೋನ್ ಆಫ್ ಆರ್ಕ್‌ಳ ಕುರಿತು ಬಂದ ನಾಟಕ, ಸಿನಿಮಾಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಇರುಸುಮುರುಸಿನ ಚರಿತ್ರೆಯೇ ನಮಗೆ ಸಿಗುತ್ತದೆ. ಅವುಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸಬಹುದು: ಬರ್ನಾರ್ಡ್ ಶಾ 1923ರಲ್ಲಿ ಬರೆದ ‘ಸೇಂಟ್ ಜೋನ್’ ನಾಟಕ, ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಥಿಯೊಡರ್ ಡ್ರೇಯರ್ 1928ರಲ್ಲಿ ತೆರೆಗೆ ತಂದ ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಮೂಕಿಚಿತ್ರ ಮತ್ತು ಫ್ರೆಂಚ್ ನಿರ್ದೇಶಕ ಲುಕ್ ಬೆಸ್ಸೋನ್ 1999ರಲ್ಲಿ ಇಂಗ್ಲಿಷಿನಲ್ಲಿ ಮಾಡಿದ ‘ದ ಮೆಸೆಂಜರ್’.

ಮೊದಲು ಇತಿಹಾಸವನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಜೋನ್ ಹುಟ್ಟಿದ್ದು ಸುಮಾರು 1412ರಲ್ಲಿ, ದೊಂರೆಮಿ ಎಂಬ ಹಳ್ಳಿಯ ಒಂದು ರೈತ ಕುಟುಂಬದಲ್ಲಿ. ಓದು ಬರಹ ಬಾರದ ಹುಡುಗಿ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ಅರಸು ಮನೆತನಗಳ ನಡುವೆ ಆಗ ನೂರು ವರ್ಷಗಳ ಯುದ್ಧ ನಡೆಯುತ್ತಿತ್ತು. ಫ್ರಾನ್ಸಿನ ಉತ್ತರ ಭಾಗವೆಲ್ಲ ಇಂಗ್ಲಿಷರ ಮತ್ತು ಅವರ ಮಿತ್ರರಾದ ಬರ್ಗಂಡಿಯವರ ಕೈಯಲ್ಲಿತ್ತು. ತನಗೆ ಹದಿಮೂರರ ಪ್ರಾಯದಲ್ಲಿ, ತಂದೆಯ ತೋಟದಲ್ಲಿ, ದೇವರ ಕಡೆಯಿಂದ ಧ್ವನಿಗಳು ಕೇಳತೊಡಗಿದವು ಎಂದು ಅವಳು ಮುಂದೆ ಹೇಳಿದಳು. 1429ರಲ್ಲಿ ಅವಳು ಪಟ್ಟವಿಲ್ಲದ ರಾಜಕುಮಾರ ಚಾರ್ಲ್ಸ್‌ನನ್ನು ಕಂಡು ಸೈನ್ಯದೊಂದಿಗೆ ಹೊರಟಳು. ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಸಿಕ್ಕಿದ್ದ ಒರ್ಲಿಯನ್ಸ್ ನಗರ ಮೇ 8ರಂದು ಬಿಡುಗಡೆಯಾಯಿತು. ಜುಲೈ 17ರಂದು ರೇಮ್ಸ್‌ನ ಇಗರ್ಜಿಯಲ್ಲಿ ಚಾರ್ಲ್ಸ್‌ನ ಪಟ್ಟಾಭಿಷೇಕವೂ ನಡೆಯಿತು. ಮರುವರ್ಷ ಮೇ ತಿಂಗಳಲ್ಲಿ ಅವಳು ಬರ್ಗಂಡಿಯವರ ಸೆರೆಯಾದಳು. ಹತ್ತು ಸಾವಿರ ಲಿವ್ರ್ ಹಣ ಕೊಟ್ಟು ಇಂಗ್ಲಿಷರು ಅವಳನ್ನು ಕೊಂಡುಕೊಂಡರು. ಅವಳಿಂದ ಪಟ್ಟ ಪಡೆದ ಅರಸ ಅವಳನ್ನು ಬಿಡಿಸಿಕೊಳ್ಳಲಿಲ್ಲ. ರುವಾನ್ ಪಟ್ಟಣದಲ್ಲಿ ಬಿಷಪ್ ಪಿಯೆರ್ ಕೊಶೊನ್‌ನ ನೇತೃತ್ವದ ಚರ್ಚ್ ನ್ಯಾಯಾಲಯ ಅವಳನ್ನು ಧರ್ಮದ್ರೋಹಿ ಎಂದು ತೀರ್ಮಾನಿಸಿತು. 1431ರ ಮೇ 30ರಂದು, ಸುಮಾರು ಹತ್ತೊಂಬತ್ತರ ಪ್ರಾಯದಲ್ಲಿ ಅವಳನ್ನು ಸಜೀವವಾಗಿ ಸುಡಲಾಯಿತು. 1456ರಲ್ಲಿ ಅದೇ ಚರ್ಚ್ ಆ ತೀರ್ಪನ್ನು ರದ್ದು ಮಾಡಿತು. 1920ರಲ್ಲಿ ಅವಳನ್ನು ಸಂತಳೆಂದು ಘೋಷಿಸಿತು.

ಮಧ್ಯಯುಗದ ಒಬ್ಬ ರೈತನ ಮಗಳ ಮಾತುಗಳು ನಮ್ಮವರೆಗೆ ಬಂದು ತಲುಪಿರುವುದೇ ಒಂದು ಅಪರೂಪ. ಇದಕ್ಕೆ ಕಾರಣ ಅವಳನ್ನು ಕೊಂದ ನ್ಯಾಯಾಲಯದ ದಾಖಲೆ. ಹತ್ತಾರು ಮಂದಿ ಪಾದ್ರಿಗಳೂ ಪಂಡಿತರೂ ಸುತ್ತ ಕುಳಿತು ಕೇಳಿದ ಪ್ರಶ್ನೆಗಳನ್ನೂ ಅವಳ ಉತ್ತರಗಳನ್ನೂ ಗಿಯೋಂ ಮಾಂಶೊನ್ ಮೊದಲಾದ ಲಿಪಿಕಾರರು ಬರೆದಿಟ್ಟರು. ಬರೆಯುವಾಗ ಮಾತು ಬದಲಿಸುವಂತೆ ತನ್ನ ಮೇಲೆ ಒತ್ತಡವಿತ್ತೆಂದು ಮಾಂಶೊನ್ ಮುಂದೆ ಮರುವಿಚಾರಣೆಯಲ್ಲಿ ಸಾಕ್ಷಿ ನುಡಿದ. ಆ ದಾಖಲೆ ಸಂಪೂರ್ಣ ನಿಷ್ಪಕ್ಷಪಾತವಾದುದೆಂದು ಯಾರೂ ಹೇಳಲಾರರು. ಆದರೂ ಅದರಲ್ಲಿ ಜೋನಳ ದನಿ ಸ್ಪಷ್ಟವಾಗಿ ಕೇಳುತ್ತದೆ. ನೀನು ದೇವರ ಕೃಪೆಗೆ ಪಾತ್ರಳೇ ಎಂದು ಅವರು ಒಮ್ಮೆ ಕೇಳಿದರು. ಹೌದೆಂದರೆ ಅಹಂಕಾರ, ಅಲ್ಲವೆಂದರೆ ತಪ್ಪೊಪ್ಪಿಗೆ. ಅವಳು, ಕೃಪೆಯಲ್ಲಿ ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲಿಯೇ ಉಳಿಸಲಿ ಎಂಬ ಅರ್ಥದಲ್ಲಿ ಉತ್ತರಿಸಿದಳು. ಕೇಳಿದವರು ದಂಗಾದರೆಂದು ಅಲ್ಲಿದ್ದ ಇನ್ನೊಬ್ಬ ಲಿಪಿಕಾರ ನೆನಪಿಸಿಕೊಂಡಿದ್ದಾನೆ. ಸಂಚಿನ ಪ್ರಶ್ನೆಗೆ ವಿನಯದಿಂದಲೇ ಕೊಟ್ಟ ಉತ್ತರ ಅದು. ಉನ್ಮಾದಕ್ಕೆ ಒಳಗಾದವರು ಹೀಗೆ ಮಾತನಾಡುವುದಿಲ್ಲ.

ಈ ದಾಖಲೆಯಲ್ಲಿ ಇನ್ನೊಂದು ಸನ್ನಿವೇಶವಿದೆ. ಜೋನಳ ಬಗ್ಗೆ ಬರುವ ಯಾವ ನಾಟಕವನ್ನಾದರೂ ಅದರ ಮುಂದೆ ಇಟ್ಟು ಅಳೆಯಬಹುದು. ವಿಚಾರಣೆಯ ಉದ್ದಕ್ಕೂ ಅವಳ ಮೇಲಿದ್ದ ಪ್ರಮುಖ ಆರೋಪಗಳಲ್ಲಿ ಒಂದು, ಅವಳು ಗಂಡಸಿನ ಉಡುಗೆ ತೊಡುತ್ತಾಳೆ ಎಂಬುದು. ಮೇ 24ರಂದು, ಸುಡುವ ಬೆದರಿಕೆಯ ಎದುರು ಅವಳು ತಪ್ಪೊಪ್ಪಿಗೆ ಪತ್ರಕ್ಕೆ ಗುರುತು ಹಾಕಿ ಹೆಣ್ಣಿನ ಉಡುಪು ಧರಿಸಿದಳು. ನಾಲ್ಕು ದಿನ ಕಳೆದು ನ್ಯಾಯಾಧೀಶರು ಸೆರೆಮನೆಗೆ ಬಂದಾಗ ಮತ್ತೆ ಗಂಡಸಿನ ಉಡುಗೆಯಲ್ಲಿದ್ದಳು. ಯಾಕೆ ಧರಿಸಿದೆ, ಯಾರು ತೊಡಿಸಿದರು ಎಂದು ಕೇಳಿದರು. ತನ್ನ ಇಚ್ಛೆಯಿಂದಲೇ ಧರಿಸಿದ್ದಾಗಿ, ಯಾರೂ ಬಲವಂತ ಮಾಡಲಿಲ್ಲವೆಂದು ಅವಳು ಹೇಳಿದಳು. ಗಂಡಸರ ನಡುವೆ ಇರುವಾಗ ಇದೇ ತನಗೆ ತಕ್ಕುದೆಂದಳು. ಬಲಿಪೂಜೆಗೆ ಬಿಡುತ್ತೇವೆ, ಕಬ್ಬಿಣದ ಸಂಕೋಲೆ ತೆಗೆಯುತ್ತೇವೆ ಎಂದು ಕೊಟ್ಟ ಮಾತನ್ನು ನೀವು ಉಳಿಸಲಿಲ್ಲ ಎಂದೂ ನೆನಪಿಸಿದಳು. ಧ್ವನಿಗಳು ಮತ್ತೆ ಕೇಳಿದವೇ ಎಂದಾಗ, ಜೀವ ಉಳಿಸಿಕೊಳ್ಳಲು ತಾನು ಮಾಡಿದ್ದು ದ್ರೋಹವೆಂದು ಅವು ತಿಳಿಸಿದವು, ಬೆಂಕಿಯ ಭಯದಿಂದಷ್ಟೇ ತಾನು ಹಾಗೆ ಒಪ್ಪಿಕೊಂಡದ್ದು ಎಂದಳು. ಲಿಪಿಕಾರ ಅದರ ಪಕ್ಕದ ಅಂಚಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಎರಡೇ ಪದಗಳ ಟಿಪ್ಪಣಿ ಬರೆದ. ಅದರ ಅರ್ಥ, ಸಾವು ತರುವ ಉತ್ತರ. ಎರಡು ದಿನಗಳ ನಂತರ ಅವಳನ್ನು ಸುಟ್ಟರು.

ಕಾವಲಿಗಿದ್ದ ಇಂಗ್ಲಿಷ್ ಸೈನಿಕರೇ ಅವಳ ಹೆಣ್ಣುಡುಗೆಯನ್ನು ಕಸಿದುಕೊಂಡಿದ್ದರೆಂದೂ ಅವಳ ಮಾನಕ್ಕೆ ಕೈ ಹಾಕುವ ಯತ್ನ ನಡೆಯಿತೆಂದೂ ಮರುವಿಚಾರಣೆಯಲ್ಲಿ ಕೆಲವರು ಸಾಕ್ಷಿ ಹೇಳಿದ್ದಾರೆ. ಚರ್ಚಿನ ವಿಚಾರಣೆಯ ಕೈದಿಯನ್ನು ಚರ್ಚಿನ ಬಂದೀಖಾನೆಯಲ್ಲಿ ಇಡಬೇಕಾಗಿತ್ತು. ಇವಳನ್ನು ಸಂಕೋಲೆ ಬಿಗಿದು ಗಂಡಸರ ಕಾವಲಿನಲ್ಲಿ ಇಡಲಾಗಿತ್ತು. ಹೀಗಾಗಿ ಅವಳು ಹೇಳಿದ ‘ಇಚ್ಛೆ’ ಎಷ್ಟು ಇಕ್ಕಟ್ಟಿನ ಇಚ್ಛೆ ಎಂಬುದು ತಿಳಿಯುತ್ತದೆ. ಆದರೂ ಸಾಯುವುದು ಖಚಿತವೆಂದು ಗೊತ್ತಿದ್ದ ಹೊತ್ತಿನಲ್ಲಿ, ಹೊಣೆಯನ್ನು ಬೇರೆಯವರ ಮೇಲೆ ಹೊರಿಸುವ ಅವಕಾಶವಿದ್ದರೂ, ಅದನ್ನು ತನ್ನ ಮೇಲೆಯೇ ತೆಗೆದುಕೊಂಡಳು. ಈ ಉತ್ತರವನ್ನು ನಾಟಕಕಾರರು ಏನು ಮಾಡಿದರು ಎಂಬುದೇ ನಮ್ಮ ಪ್ರಶ್ನೆ.

ಮೂರರಲ್ಲಿ ಕೊನೆಯದಾದ ಬೆಸ್ಸೋನ್‌ರ ಸಿನಿಮಾದಿಂದಲೇ ಆರಂಭಿಸೋಣ. ಯಾಕೆಂದರೆ ಹೆಚ್ಚಿನ ಯುವಜನರಿಗೆ ಜೋನಳ ಪರಿಚಯವಾದದ್ದು ಈ ಚಿತ್ರದಿಂದ. ಮಿಲಾ ಜೊವೊವಿಚ್ ಜೋನ್ ಆಗಿ, ಜಾನ್ ಮಾಲ್ಕೊವಿಚ್ ಚಾರ್ಲ್ಸ್ ಆಗಿ ನಟಿಸಿದ್ದಾರೆ. ಒರ್ಲಿಯನ್ಸ್ ಕಾಳಗದ ದೃಶ್ಯಗಳಲ್ಲಿ ಕೆಸರು, ನೆತ್ತರು, ಗೊಂದಲ ಎಲ್ಲವೂ ಇವೆ; ಯುದ್ಧವೆಂದರೆ ಮೆರವಣಿಗೆಯಲ್ಲ ಎಂದು ಅದು ಮನದಟ್ಟು ಮಾಡುತ್ತದೆ. ಗೆದ್ದ ಮೇಲೆ ಹೆಣಗಳ ರಾಶಿಯ ನಡುವೆ ಜೋನ್ ನಡುಗುವ ದೃಶ್ಯ ಚಿತ್ರದ ಒಳ್ಳೆಯ ಭಾಗಗಳಲ್ಲೊಂದು. ಆದರೆ ಚಿತ್ರದ ತಳಪಾಯವನ್ನು ಹಾಕಿರುವುದು ಬೇರೆ ಕಡೆ. ಬಾಲಕಿ ಜೋನ್ ಬೀರುವಿನೊಳಗೆ ಅಡಗಿ ಕುಳಿತಿರುವಾಗ ಇಂಗ್ಲಿಷ್ ಸೈನಿಕನೊಬ್ಬ ಅವಳ ಅಕ್ಕನನ್ನು ಕೊಂದು ಹೆಣದ ಮೇಲೆ ಅತ್ಯಾಚಾರ ಎಸಗುತ್ತಾನೆ. ಮುಂದೆ ಅವಳು ಕೇಳುವ ಧ್ವನಿಗಳು, ಅವಳ ಆವೇಶ, ಅವಳ ಕಿರುಚಾಟ ಎಲ್ಲದರ ಮೂಲವೂ ಇದೇ ಎಂದು ಚಿತ್ರ ಸೂಚಿಸುತ್ತದೆ.

ಇದು ಇತಿಹಾಸದಲ್ಲಿ ಇಲ್ಲದ ಘಟನೆ. ದೊಂರೆಮಿಯ ಜನ 1428ರಲ್ಲಿ ಬರ್ಗಂಡಿಯ ಸೈನ್ಯಕ್ಕೆ ಹೆದರಿ ಪಕ್ಕದ ಪಟ್ಟಣಕ್ಕೆ ಓಡಿದ್ದು ನಿಜ. ಆದರೆ ಅದಕ್ಕೆ ಸುಮಾರು ಮೂರು ವರ್ಷ ಮೊದಲೇ ತನಗೆ ಧ್ವನಿಗಳು ಕೇಳಿದ್ದವೆಂದು ಜೋನ್ ಹೇಳಿದ್ದಾಳೆ. ನಾಟಕಕಾರನಿಗೆ ಕಲ್ಪಿಸುವ ಸ್ವಾತಂತ್ರ್ಯವಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಲ್ಪನೆ ಯಾವ ಕೆಲಸಕ್ಕೆ ಬಂದಿದೆ ಎಂದು ಕೇಳುವ ಸ್ವಾತಂತ್ರ್ಯ ವಿಮರ್ಶಕನಿಗೂ ಇದೆ. ಇಲ್ಲಿ ಅದು ವಿಶ್ವಾಸವನ್ನು ಗಾಯವನ್ನಾಗಿಸುವ ಕೆಲಸಕ್ಕೆ ಬಂದಿದೆ. ತನ್ನ ಕತ್ತಿಗಿಂತ ಧ್ವಜವೇ ತನಗೆ ಹೆಚ್ಚು ಪ್ರಿಯ, ಯಾರನ್ನೂ ಕೊಲ್ಲಬಾರದೆಂದೇ ಧ್ವಜವನ್ನು ತಾನೇ ಹಿಡಿಯುತ್ತಿದ್ದೆ ಎಂದು ವಿಚಾರಣೆಯಲ್ಲಿ ಹೇಳಿದ ಹುಡುಗಿ ಬೆಸ್ಸೋನ್‌ರಲ್ಲಿ ಸೇಡಿಗಾಗಿ ಹಸಿದವಳಾಗುತ್ತಾಳೆ.

ಸೆರೆಮನೆಯ ಭಾಗದಲ್ಲಿ ಡಸ್ಟಿನ್ ಹಾಫ್‌ಮನ್ ಕಪ್ಪು ಮುಸುಕಿನಲ್ಲಿ ಬಂದು ಕೂರುತ್ತಾರೆ. ಅವಳ ಆತ್ಮಸಾಕ್ಷಿ ಎಂದು ಚಿತ್ರ ಅವರನ್ನು ಕರೆಯುತ್ತದೆ. ಹೊಲದಲ್ಲಿ ನಿನಗೆ ಸಿಕ್ಕ ಕತ್ತಿ ದೇವರ ಸಂಕೇತವೇ ಆಗಿರಬೇಕೆಂದೇನು, ಯಾರಾದರೂ ಬೀಳಿಸಿಕೊಂಡು ಹೋಗಿರಬಹುದಲ್ಲ ಎಂದು ಅವರು ಪಾಟೀಸವಾಲು ಮಾಡುತ್ತಾರೆ. ಜೋನ್ ಬಾಯಿ ಕಟ್ಟಿದವಳಂತೆ ಕೂರುತ್ತಾಳೆ. ಕೊನೆಗೆ, ತಾನು ಕಂಡದ್ದು ತನಗೆ ಬೇಕಾದುದನ್ನು ಮಾತ್ರ ಎಂಬ ಒಪ್ಪಿಗೆ ಅವಳ ಬಾಯಿಂದ ಬರುತ್ತದೆ. ರುವಾನ್‌ನಲ್ಲಿ ಹತ್ತಾರು ಪಂಡಿತರಿಗೆ ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಸಾಧ್ಯವಾಗದ್ದನ್ನು ಹಾಫ್‌ಮನ್ ನಾಲ್ಕಾರು ಪ್ರಶ್ನೆಗಳಲ್ಲಿ ಸಾಧಿಸುತ್ತಾರೆ! ಇನ್ನು ಉಡುಗೆಯ ವಿಷಯ. ಕಾವಲುಗಾರರು ಅವಳ ಬಟ್ಟೆಯನ್ನು ಹರಿದು ಗಂಡಸಿನ ಉಡುಗೆ ತೊಡಿಸುತ್ತಾರೆ. ಅದನ್ನೇ ಮಾಟವೆಂದು ತೋರಿಸಿ ಸುಡುತ್ತಾರೆ. ಸಾಕ್ಷಿಗಳು ಹೇಳಿದ ದೌರ್ಜನ್ಯವನ್ನು ಬೆಸ್ಸೋನ್ ಉಳಿಸಿಕೊಂಡರು, ಅದರ ಎದುರು ಜೋನ್ ಹೇಳಿದ ಉತ್ತರವನ್ನು ಬಿಟ್ಟುಬಿಟ್ಟರು. ಅವರ ಜೋನಳ ಬಗ್ಗೆ ನಮಗೆ ಮರುಕ ಹುಟ್ಟುತ್ತದೆ. ಗೌರವ ಹುಟ್ಟಲು ಬೇಕಾದದ್ದನ್ನು ಅವರು ಅವಳಿಂದ ಕಿತ್ತುಕೊಂಡಿದ್ದಾರೆ.

ಮನಶ್ಶಾಸ್ತ್ರದ ವಿವರಣೆಯೇ ತಪ್ಪು ಎಂದು ಇಲ್ಲಿ ವಾದಿಸುತ್ತಿಲ್ಲ. ಮನುಷ್ಯನ ನಂಬಿಕೆಯಲ್ಲಿ ಅವನ ನೋವುಗಳೂ ಬೆರೆತಿರುತ್ತವೆ. ಆದರೆ ಈ ವಿವರಣೆಯನ್ನು ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಸಿಂಹಾಸನಕ್ಕಾಗಿ ಸಾವಿರಾರು ಜನರನ್ನು ಬಲಿಕೊಟ್ಟ ಅರಸರಿಗೆ ಬಾಲ್ಯದಲ್ಲಿ ಯಾವ ಆಘಾತವಾಗಿತ್ತು ಎಂದು ಚಿತ್ರ ಕೇಳುವುದಿಲ್ಲ. ಅಧಿಕಾರದ ಆಸೆಗೆ ವಿವರಣೆ ಬೇಡ, ಅದು ಸಹಜ. ದೇವರ ಮೇಲಿನ ವಿಶ್ವಾಸಕ್ಕೆ ಮಾತ್ರ ವಿವರಣೆ ಬೇಕು, ಅದೊಂದು ಕಾಯಿಲೆ ಎಂಬ ಪೂರ್ವಗ್ರಹ ಇಲ್ಲಿ ಕೆಲಸ ಮಾಡಿದೆ. ಅದರಲ್ಲೂ ವಿಶ್ವಾಸಿ ಹೆಣ್ಣಾಗಿದ್ದರೆ, ಹದಿಹರೆಯದವಳಾಗಿದ್ದರೆ, ಅವಳ ಮಾತನ್ನು ಅವಳ ಮಾತೆಂದು ಒಪ್ಪಲು ಯಾರಿಗೂ ಮನಸ್ಸಿರುವುದಿಲ್ಲ.

ಬರ್ನಾರ್ಡ್ ಶಾ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಜೋನ್ ಸಂತಳೆಂದು ಘೋಷಿತಳಾದ ಮೂರು ವರ್ಷಗಳಲ್ಲಿ ಬರೆದ ಈ ನಾಟಕ ಮೊದಲು ನ್ಯೂಯಾರ್ಕಿನಲ್ಲಿ, 1924ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ಶಾ ಅವರ ಜೋನ್ ಗಟ್ಟಿಗಿತ್ತಿ, ನಗುಮುಖದ ಹಳ್ಳಿ ಹುಡುಗಿ. ಈ ಧ್ವನಿಗಳೆಲ್ಲ ನಿನ್ನ ಕಲ್ಪನೆಯಿಂದ ಬಂದವು ಎಂದು ಸೇನಾಧಿಕಾರಿ ಹಂಗಿಸಿದರೆ, ಹೌದು, ದೇವರ ಸಂದೇಶ ನಮ್ಮನ್ನು ತಲುಪುವುದೇ ಹಾಗಲ್ಲವೇ ಎಂದು ತಣ್ಣಗೆ ಹೇಳುತ್ತಾಳೆ. ಶಾ ಅವಳ ಧ್ವನಿಗಳನ್ನು ನಂಬುವವರಲ್ಲ. ಆದರೆ ಅವಳ ಬುದ್ಧಿಯನ್ನು ನಂಬುತ್ತಾರೆ. ಅವಳನ್ನು ಸುಟ್ಟವರನ್ನೂ ರಾಕ್ಷಸರನ್ನಾಗಿ ಮಾಡುವುದಿಲ್ಲ. ತಮ್ಮ ತಮ್ಮ ವ್ಯವಸ್ಥೆಯ ಒಳಗಿನಿಂದ ಪ್ರಾಮಾಣಿಕವಾಗಿ ಯೋಚಿಸುವ ಜನರನ್ನಾಗಿ ಅವರು ಚಿತ್ರಿಸುತ್ತಾರೆ. ಆ ಕಾರಣಕ್ಕೇ ನಾಟಕ ನಮ್ಮನ್ನು ಹೆಚ್ಚು ಕಾಡುತ್ತದೆ.

ನಾಲ್ಕನೆಯ ದೃಶ್ಯದಲ್ಲಿ ಬಿಷಪ್ ಕೊಶೊನ್ ಮತ್ತು ಇಂಗ್ಲಿಷ್ ಸರದಾರ ವಾರ್ವಿಕ್ ಜೋನಳನ್ನು ಏನು ಮಾಡಬೇಕೆಂದು ಚರ್ಚಿಸುತ್ತಾರೆ. ಅಲ್ಲಿ ಕೊಶೊನ್‌ಗೆ ನೆನಪಾಗುವುದು ಪ್ರವಾದಿ ಮುಹಮ್ಮದ್ (ಸ). ಅರಬ್ ನಾಡಿನ ಒಬ್ಬ ಒಂಟೆ ಸಾಗಿಸುವವನು ಆರಂಭದಲ್ಲಿ ಈ ಕುರಿ ಕಾಯುವ ಹುಡುಗಿಗಿಂತ ಹೆಚ್ಚೇನು ಮಾಡಿದ್ದ, ಅವನೂ ದೇವದೂತನ ಮಾತು ಕೇಳಿದ್ದೇನೆ ಎಂದಿದ್ದನಲ್ಲವೇ, ಈಗಲೇ ತಡೆಯದಿದ್ದರೆ ಗತಿಯೇನು ಎಂದು ಆತ ಕಳವಳಪಡುತ್ತಾನೆ. ಯಾತ್ರಿಕನಾಗಿ ಮುಸ್ಲಿಮರನ್ನು ಕಣ್ಣಾರೆ ಕಂಡ ವಾರ್ವಿಕ್ ಮಾತ್ರ, ಅವರು ತನಗೆ ಹೇಳಿಕೊಟ್ಟಷ್ಟು ಕೆಟ್ಟವರಲ್ಲ, ಕೆಲವು ವಿಷಯಗಳಲ್ಲಿ ನಮಗಿಂತ ವಾಸಿ ಎನ್ನುತ್ತಾನೆ. ಬಿಷಪ್‌ಗೆ ಈ ಮಾತು ಹಿಡಿಸುವುದಿಲ್ಲ. ನಮ್ಮ ಸಭೆಗಳಲ್ಲಿ ಪ್ರವಾದಿಯವರ (ಸ) ಕುರಿತು ಶಾ ಆಡಿದರೆನ್ನಲಾದ ಮೆಚ್ಚುಗೆಯ ಮಾತುಗಳನ್ನು ಉದ್ಧರಿಸುವವರು ಅನೇಕರಿದ್ದಾರೆ. ಈ ದೃಶ್ಯವನ್ನು ಅವರು ಓದಿದರೆ ಹೆಚ್ಚು ಪ್ರಯೋಜನವಾದೀತು. ಶಾ ಇಲ್ಲಿ ಹೊಗಳುತ್ತಿಲ್ಲ. ಯಾವ ಮಧ್ಯವರ್ತಿಯ ಅನುಮತಿಯನ್ನೂ ಕೇಳದೆ ದೇವರೊಂದಿಗೆ ನೇರ ಸಂಬಂಧ ಹೇಳಿಕೊಂಡವರ ಎದುರು ಸ್ಥಾಪಿತ ಧರ್ಮಾಧಿಕಾರ ಹೇಗೆ ಬೆಚ್ಚುತ್ತದೆ ಎಂಬುದನ್ನು ತೋರಿಸುತ್ತಿದ್ದಾರೆ.

ಆದರೆ ಶಾ ಕೂಡ ಜೋನಳನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಪ್ರೊಟೆಸ್ಟೆಂಟ್ ಮತದ ಮೊದಲ ಹುತಾತ್ಮರಲ್ಲೂ ರಾಷ್ಟ್ರೀಯತೆಯ ಮೊದಲ ಪ್ರಚಾರಕರಲ್ಲೂ ಅವಳು ಒಬ್ಬಳು ಎಂಬುದು ಅವರ ಸಿದ್ಧಾಂತ. ಬಲಿಪೂಜೆಗಾಗಿ, ಪರಮಪ್ರಸಾದಕ್ಕಾಗಿ ಸೆರೆಮನೆಯಲ್ಲಿ ಅಂಗಲಾಚಿದ, ಪೋಪರ ಬಳಿಗೆ ನನ್ನನ್ನು ಕರೆದೊಯ್ಯಿರಿ ಎಂದು ಕೇಳಿಕೊಂಡ ಹುಡುಗಿಗೆ ಈ ಅಂಗಿ ಸರಿಯಾಗಿ ಒಪ್ಪುವುದಿಲ್ಲ. ಉಡುಗೆಯ ಪ್ರಶ್ನೆಗೆ ಅವರ ಜೋನ್ ಒಳ್ಳೆಯ ಉತ್ತರವನ್ನೇ ಕೊಡುತ್ತಾಳೆ: ಸೈನಿಕರ ನಡುವೆ ಬಾಳುವವಳು ಸೈನಿಕಳಂತೆ ಉಡಬೇಕು, ಇಲ್ಲವಾದರೆ ಅವರು ಅವಳನ್ನು ಹೆಣ್ಣೆಂದೇ ನೋಡುತ್ತಾರೆ. ಮಧ್ಯೆ ಕಳೆದ ನಾಲ್ಕು ದಿನಗಳನ್ನು ಮಾತ್ರ ಶಾ ಅಳಿಸಿಹಾಕುತ್ತಾರೆ. ಜೀವಾವಧಿ ಸೆರೆ ಎಂದು ತಿಳಿದ ತಕ್ಷಣ ಅವಳು ತಪ್ಪೊಪ್ಪಿಗೆಯನ್ನು ಅಲ್ಲಿಯೇ ಹರಿದೆಸೆಯುತ್ತಾಳೆ. ಬಿಸಿಲು, ಬಯಲು, ಹಕ್ಕಿಯ ಹಾಡು ಇಲ್ಲದೆ ಬದುಕಲಾರೆ ಎನ್ನುತ್ತಾಳೆ. ಮಾತಿನ ಕೊನೆಗೆ ದೇವರ ಹೆಸರು ಬರುತ್ತದೆ ನಿಜ, ಆದರೆ ಸಭಿಕರ ಕಿವಿಯಲ್ಲಿ ಉಳಿಯುವುದು ಬಯಲು ಮತ್ತು ಹಕ್ಕಿ. ಸ್ವಾತಂತ್ರ್ಯಪ್ರೇಮಕ್ಕೆ ಸಾಯುವುದು ಇಪ್ಪತ್ತನೆಯ ಶತಮಾನದ ಸಭಿಕರಿಗೆ ಅರ್ಥವಾಗುತ್ತದೆ. ದೇವರಿಗೆ ಕೊಟ್ಟ ಮಾತು ಮುರಿದೆನೆಂಬ ಸಂಕಟಕ್ಕೆ ಸಾಯುವುದು ಅರ್ಥವಾಗುವುದಿಲ್ಲವೆಂದು ಶಾ ಭಾವಿಸಿದಂತಿದೆ.

ಡ್ರೇಯರ್‌ರ ದಾರಿ ಬೇರೆ. ಅವರು ಯುದ್ಧವನ್ನೂ ಪಟ್ಟಾಭಿಷೇಕವನ್ನೂ ಪೂರ್ತಿ ಕೈಬಿಟ್ಟು ವಿಚಾರಣೆಯ ದಾಖಲೆಯನ್ನೇ ಚಿತ್ರಕತೆಯ ಆಧಾರವಾಗಿ ಇಟ್ಟುಕೊಂಡರು. ತಿಂಗಳುಗಟ್ಟಲೆ ನಡೆದದ್ದನ್ನು ಒಂದು ದಿನದಲ್ಲಿ ನಡೆದಂತೆ ಕೂಡಿಸಿದರು. ಜೋನ್ ಆಗಿ ನಟಿಸಿದವರು ರಂಗನಟಿ ಫಾಲ್ಕೊನೆಟ್ಟಿ. ಮುಖಕ್ಕೆ ಬಣ್ಣ ಹಚ್ಚಿಲ್ಲ. ಹೆಚ್ಚುಕಡಿಮೆ ಇಡೀ ಚಿತ್ರ ಕ್ಲೋಸಪ್‌ಗಳಲ್ಲಿಯೇ ಸಾಗುತ್ತದೆ: ಪಾದ್ರಿಗಳ ಸುಕ್ಕು, ಎಂಜಲು, ನರಹುಲಿ, ಅವುಗಳ ನಡುವೆ ಅವಳ ಕಣ್ಣುಗಳು. ಅವಳ ನಂಬಿಕೆ ಸರಿಯೋ ತಪ್ಪೋ ಎಂದು ಡ್ರೇಯರ್ ವಾದಿಸುವುದಿಲ್ಲ. ಧ್ವನಿಗಳನ್ನು ಕೇಳಿಸುವುದಿಲ್ಲ, ದೇವದೂತರನ್ನು ತೋರಿಸುವುದಿಲ್ಲ. ನಂಬುವವಳ ಮುಖವೊಂದನ್ನೇ ತೋರಿಸುತ್ತಾರೆ. ಹೆಣ್ಣುಡುಗೆ ತೊಟ್ಟರೆ ಪೂಜೆಗೆ ಬಿಡುತ್ತೇವೆ ಎಂಬ ಆಮಿಷಕ್ಕೆ ಅವಳು ಕಣ್ಣೀರಿಡುತ್ತಲೇ ಇಲ್ಲವೆನ್ನುತ್ತಾಳೆ. ತಪ್ಪೊಪ್ಪಿಗೆಯ ಬಳಿಕ ಅವಳ ತಲೆ ಬೋಳಿಸುತ್ತಾರೆ; ಹುಲ್ಲಿನಿಂದ ಅವಳು ಹೆಣೆದುಕೊಂಡಿದ್ದ ಕಿರೀಟವನ್ನು ಕೂದಲಿನೊಂದಿಗೆ ಗುಡಿಸಿ ಹಾಕುವುದನ್ನು ನೋಡುತ್ತಾಳೆ. ಆಗ ನ್ಯಾಯಾಧೀಶರನ್ನು ಮರಳಿ ಕರೆಯಿಸಿ, ಜೀವ ಉಳಿಸಿಕೊಳ್ಳಲು ದೇವರನ್ನು ನಿರಾಕರಿಸಿಬಿಟ್ಟೆ ಎನ್ನುತ್ತಾಳೆ. ದಾಖಲೆಯ ಉತ್ತರ ಇದಕ್ಕೆ ಬಹಳ ಹತ್ತಿರ. ಮೂರು ಕೃತಿಗಳಲ್ಲಿ ಇದೊಂದರಲ್ಲಿಯೇ ಆ ಉತ್ತರ ಅವಳದಾಗಿ ಉಳಿದಿದೆ.

ಡ್ರೇಯರ್‌ರಲ್ಲೂ ಕೊರತೆಯಿಲ್ಲವೆಂದಲ್ಲ. ಅವರ ಜೋನಳನ್ನು ನೋಡಿದವರಿಗೆ ಇವಳು ಸೈನ್ಯ ನಡೆಸಿದವಳು, ಸರದಾರರನ್ನು ಗದರಿಸಿದವಳು ಎಂದು ನಂಬುವುದು ಕಷ್ಟ. ದಾಖಲೆಯಲ್ಲಿ ಕಾಣುವ ಅವಳ ಚುರುಕು, ಅವಳ ಹಾಸ್ಯ, ಪ್ರಶ್ನಿಸಿದವರನ್ನೇ ಪೇಚಿಗೆ ಸಿಕ್ಕಿಸುವ ಗುಣ ಕಣ್ಣೀರಿನಲ್ಲಿ ಕರಗಿಹೋಗಿವೆ. ಆದರೆ ಈ ಚಿತ್ರವೂ ತನ್ನ ನಾಯಕಿಯಂತೆಯೇ ಬೆಂಕಿಗೆ ಸಿಕ್ಕಿತು ಎಂಬುದನ್ನು ಹೇಳಲೇಬೇಕು. ಪ್ಯಾರಿಸ್ಸಿನ ಆರ್ಚ್‌ಬಿಷಪ್ ಮತ್ತು ಸರಕಾರದ ಒತ್ತಾಯದಿಂದ ಅದಕ್ಕೆ ಕತ್ತರಿ ಬಿತ್ತು. 1928ರ ಕೊನೆಯಲ್ಲಿ ಮೂಲ ನೆಗೆಟಿವ್ ಬರ್ಲಿನ್ನಿನ ಅಗ್ನಿ ಆಕಸ್ಮಿಕದಲ್ಲಿ ಸುಟ್ಟುಹೋಯಿತು. ಡ್ರೇಯರ್ ಉಳಿದ ತುಣುಕುಗಳಿಂದ ಸಿದ್ಧಪಡಿಸಿದ ಎರಡನೆಯ ಪ್ರತಿಯೂ ಬೆಂಕಿಗೆ ಆಹುತಿಯಾಯಿತು. ಕತ್ತರಿ ಬೀಳದ ಮೊದಲಿನ ಒಂದು ಪ್ರತಿ 1981ರಲ್ಲಿ ನಾರ್ವೆಯ ಓಸ್ಲೋ ಬಳಿಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸಿಕ್ಕಿತು. ನಾವು ಇಂದು ನೋಡುತ್ತಿರುವುದು ಅದನ್ನೇ.

ಮುಸ್ಲಿಮ್ ಓದುಗರಿಗೆ ಇಲ್ಲಿ ಒಂದು ಪ್ರಶ್ನೆ ಏಳಬಹುದು. ಜೋನಳಿಗೆ ಕೇಳಿದ ಧ್ವನಿಗಳಲ್ಲಿ ಒಂದು ದೇವದೂತ ಮಿಕಾಯೇಲನದು. ನಮಗೆ ಮೀಕಾಈಲ್ (ಅ) ಎಂದು ಪರಿಚಿತರಾದವರು ಅವರೇ. ಆದರೆ ದಿವ್ಯವಾಣಿ ಪ್ರವಾದಿಯವರೊಂದಿಗೆ (ಸ) ಕೊನೆಗೊಂಡಿತೆಂದು ನಾವು ನಂಬುತ್ತೇವೆ. ಹಾಗಿರುವಾಗ ಜೋನಳ ಧ್ವನಿಗಳನ್ನು ನಾವು ಏನೆಂದು ಪರಿಗಣಿಸಬೇಕು? ಅವನ್ನು ನಿಜವೆಂದು ಒಪ್ಪಬೇಕಾದ ಅಗತ್ಯ ನಮಗಿಲ್ಲ. ಅವಳು ಅವನ್ನು ಪ್ರಾಮಾಣಿಕವಾಗಿ ನಂಬಿದ್ದಳು ಎಂಬುದನ್ನು ಒಪ್ಪಿದರೆ ಸಾಕು. ವಿಶ್ವಾಸದ ಪರೀಕ್ಷೆ ದೇವರಿಗೆ ಬಿಟ್ಟದ್ದು. ನಾಟಕಕಾರನ ಹೊಣೆ ವಿಶ್ವಾಸಿಯನ್ನು ಸುಳ್ಳುಗಾರ್ತಿಯನ್ನಾಗಿಯೋ ಹುಚ್ಚಿಯನ್ನಾಗಿಯೋ ಮಾಡದೆ ಅರ್ಥ ಮಾಡಿಕೊಳ್ಳುವುದು. ನಮ್ಮ ಪ್ರವಾದಿಯವರನ್ನು (ಸ) ಕವಿ, ಹುಚ್ಚ, ಮಾಟಗಾರ ಎಂದು ಮಕ್ಕಾದ ಪ್ರಮುಖರು ಕರೆದದ್ದನ್ನು ಬಾಲ್ಯದಿಂದಲೇ ಕೇಳಿ ಬೆಳೆದ ನಮಗೆ ಇಷ್ಟು ಅರ್ಥವಾಗಬೇಕು.

ನಮ್ಮ ಪರಂಪರೆಯಲ್ಲೂ ರಣರಂಗದಲ್ಲಿ ನಿಂತ ವಿಶ್ವಾಸಿ ಮಹಿಳೆಯರಿದ್ದಾರೆ. ಮದೀನಾದ ಉಮ್ಮು ಉಮಾರಾ (ರ) ಉಹುದ್‌ಗೆ ಹೋದದ್ದು ಗಾಯಾಳುಗಳಿಗೆ ನೀರುಣಿಸಲು. ಕಾಳಗ ತಿರುಗಿಬಿದ್ದು ಜನ ಚದುರಿದಾಗ ಅವರು ನೀರಿನ ಚೀಲ ಬಿಟ್ಟು ಕತ್ತಿ ಹಿಡಿದು ಪ್ರವಾದಿಯವರ (ಸ) ರಕ್ಷಣೆಗೆ ನಿಂತರು. ಅವರ ಹೆಗಲಿಗೆ ಆಳವಾದ ಗಾಯವಾಯಿತು. ಒರ್ಲಿಯನ್ಸ್‌ನಲ್ಲಿ ಜೋನಳಿಗೂ ಹೆಗಲು ಮತ್ತು ಕುತ್ತಿಗೆಯ ನಡುವೆ ಬಾಣ ನಾಟಿತ್ತು. ಗಾಯಕ್ಕೆ ಕಟ್ಟು ಹಾಕಿಸಿಕೊಂಡು ಅವಳು ಮರಳಿ ಬಂದಳು. ಉಮ್ಮು ಉಮಾರಾ ಯಾಕೆ ಹಾಗೆ ನಿಂತರು ಎಂಬುದಕ್ಕೆ ನಮ್ಮ ಚರಿತ್ರೆಕಾರರು ಗುಪ್ತ ಕಾರಣ ಹುಡುಕಲಿಲ್ಲ. ಅವರು ಏನು ಮಾಡಿದರು, ಏನು ಹೇಳಿದರು ಎಂಬುದನ್ನು ವರದಿ ಮಾಡಿದರು. ಆದರೆ ಇಂದು ನಮ್ಮ ಪ್ರವಚನಗಳಲ್ಲಿ ಅವರ ಹೆಸರು ಬರುವ ಬಗೆಯನ್ನು ನೋಡಿ. ಇಸ್ಲಾಮ್ ಹೆಣ್ಣಿಗೆ ಎಷ್ಟು ಸ್ಥಾನ ಕೊಟ್ಟಿದೆ ಎಂದು ಇತರರಿಗೆ ತೋರಿಸಲು ಅವರು ಬೇಕು; ಮೊಹಲ್ಲಾದ ಸಭೆಯಲ್ಲಿ ಹೆಣ್ಣುಮಗಳೊಬ್ಬಳು ಎದ್ದುನಿಂತು ಪ್ರಶ್ನೆ ಕೇಳಿದರೆ ಅವರ ನೆನಪಾಗುವುದಿಲ್ಲ. ಬೆಸ್ಸೋನ್‌ರನ್ನು ಟೀಕಿಸುವ ಹಕ್ಕು ನಮಗೆ ಪೂರ್ತಿಯಾಗಿ ಸಿಗಬೇಕಾದರೆ ಈ ಲೆಕ್ಕವನ್ನೂ ನಾವು ಚುಕ್ತಾ ಮಾಡಬೇಕು.

ಜೋನಳ ಉತ್ತರವನ್ನು ಬದಲಿಸುವುದು ಕೇವಲ ಕಲೆಯ ಪ್ರಶ್ನೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾಝಿಗಳೊಂದಿಗೆ ಕೈಜೋಡಿಸಿದ ವಿಶಿ ಸರಕಾರವೂ ಅವಳ ಹೆಸರು ಹೇಳಿತು, ಅದರ ವಿರುದ್ಧ ಹೋರಾಡಿದವರೂ ಹೇಳಿದರು. ಮುಂದೆ ಲ ಪೆನ್ ಅವರ ನ್ಯಾಷನಲ್ ಫ್ರಂಟ್ ಪಕ್ಷ ಮೇ ತಿಂಗಳ ಮೆರವಣಿಗೆಗಳಲ್ಲಿ ಪ್ಯಾರಿಸ್ಸಿನ ಅವಳ ಚಿನ್ನದ ಬಣ್ಣದ ಪ್ರತಿಮೆಗೆ ಹಾರ ಹಾಕಿ, ವಲಸಿಗರನ್ನು ಹೊರಹಾಕುವ ರಾಜಕೀಯಕ್ಕೆ ಅವಳನ್ನು ಲಾಂಛನವನ್ನಾಗಿ ಮಾಡಿಕೊಂಡಿತು. ಆ ರಾಜಕೀಯದ ಮುಖ್ಯ ಗುರಿ ಫ್ರಾನ್ಸಿನ ಮುಸ್ಲಿಮರೆಂಬುದು ಗುಟ್ಟಿನ ಸಂಗತಿಯಲ್ಲ. 2018ರಲ್ಲಿ ಒರ್ಲಿಯನ್ಸ್ ನಗರದ ವಾರ್ಷಿಕ ಉತ್ಸವದಲ್ಲಿ ಜೋನ್ ಪಾತ್ರಕ್ಕೆ ಆಯ್ಕೆಯಾದ ವಿದ್ಯಾರ್ಥಿನಿಯ ತಂದೆ ಆಫ್ರಿಕಾದ ಬೆನಿನ್ ಮೂಲದವರೆಂಬ ಒಂದೇ ಕಾರಣಕ್ಕೆ ಅವಳ ಮೇಲೆ ಅಂತರ್ಜಾಲದಲ್ಲಿ ಜನಾಂಗೀಯ ನಿಂದನೆಯ ಸುರಿಮಳೆಯಾಯಿತು. ಉತ್ಸವದವರು ಹಿಂಜರಿಯಲಿಲ್ಲ, ಆ ಹುಡುಗಿ ಕುದುರೆಯೇರಿ ನಗರದಲ್ಲಿ ಸಾಗಿದಳು. ತನ್ನ ಪರವಾಗಿ ಮಾತನಾಡಲು ಜೋನ್ ಇಂದು ಇಲ್ಲ. ಆದ್ದರಿಂದಲೇ ಅವಳು ಹೇಳಿದ್ದನ್ನು ಹಾಗೆಯೇ ಉಳಿಸಿಕೊಡುವ ಕೆಲಸ ದೊಡ್ಡದು.

ಕನ್ನಡದ ಓದುಗರಿಗೆ ಈ ಚರ್ಚೆ ದೂರದ್ದೇನಲ್ಲ. 2022ರ ಆರಂಭದಲ್ಲಿ ಕರ್ನಾಟಕದ ಕಾಲೇಜುಗಳ ಗೇಟಿನ ಹೊರಗೆ ಶಿರವಸ್ತ್ರ ಧರಿಸಿದ ವಿದ್ಯಾರ್ಥಿನಿಯರು ನಿಂತಿದ್ದರು. ಆ ವರ್ಷದ ಮಾರ್ಚ್ 15ರಂದು ಹೈಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ರುವಾನ್‌ನ ಧರ್ಮನ್ಯಾಯಾಲಯವನ್ನೂ ಸಂವಿಧಾನದ ಅಡಿಯಲ್ಲಿ ನಡೆಯುವ ನ್ಯಾಯಾಲಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಹೋಲಿಕೆ ಇರುವುದು ನ್ಯಾಯಾಲಯದ ಹೊರಗಿನ ಮಾತುಕತೆಯಲ್ಲಿ. ಮನೆಯವರು ತೊಡಿಸಿದ್ದಾರೆ ಎಂದರು ಕೆಲವರು, ಸಂಘಟನೆಗಳು ಕಲಿಸಿಕೊಟ್ಟಿವೆ ಎಂದರು ಕೆಲವರು. ನಮ್ಮವರಲ್ಲೂ ಹಲವರು ಅವರನ್ನು ಸಮುದಾಯದ ಧ್ವಜವನ್ನಾಗಿ ಎತ್ತಿ ಹಿಡಿದರೇ ಹೊರತು ಅವರ ಪರೀಕ್ಷೆ, ಅವರ ಓದು, ಅವರ ಮನಸ್ಸಿನ ತಾಕಲಾಟಗಳ ಬಗ್ಗೆ ವಿಚಾರಿಸಲಿಲ್ಲ. ಯಾಕೆ ಧರಿಸಿದೆ ಎಂದು ಕೇಳಿದವರು ಬಹಳ ಜನ. ಉತ್ತರ ಮುಗಿಯುವವರೆಗೆ ಕೇಳಿಸಿಕೊಂಡವರು ಎಷ್ಟು ಜನ?

ಜೋನ್ ಬಗ್ಗೆ ಇನ್ನೂ ನಾಟಕಗಳು, ಸಿನಿಮಾಗಳು ಬರುತ್ತವೆ. ಶಾ ಅವರ ಬುದ್ಧಿವಂತ ಸಂಭಾಷಣೆ, ಡ್ರೇಯರ್‌ರ ಮುಖಗಳು, ಬೆಸ್ಸೋನ್‌ರ ಕೆಸರಿನ ರಣರಂಗ ಮೂರನ್ನೂ ಕೂಡಿಸಿಕೊಂಡ ಕೃತಿಯೊಂದು ಬಂದರೆ ಸಂತೋಷವೇ. ಆದರೆ ಅದನ್ನು ಬರೆಯುವವರು ಮೊದಲು 1431ರ ಮೇ 28ರ ಆ ಪುಟವನ್ನು ಓದಲಿ. ಆ ಹುಡುಗಿ ದೇವರನ್ನು ನಂಬಿದ್ದಳು, ಬೆಂಕಿಗೆ ಹೆದರಿದ್ದಳು, ಹೆದರಿದ್ದಕ್ಕೆ ನೊಂದಿದ್ದಳು, ಕೊನೆಗೆ ತನ್ನ ಉತ್ತರವನ್ನು ತಾನೇ ಹೇಳಿದಳು. ಅವಳ ವಿರೋಧಿಗಳ ಸಂಬಳ ಪಡೆಯುತ್ತಿದ್ದ ಲಿಪಿಕಾರ ಕೂಡ ಅದನ್ನು ಬರೆದುಕೊಂಡ. ಅವಳ ಅಭಿಮಾನಿಗಳು ಅಷ್ಟನ್ನಾದರೂ ಮಾಡಬೇಕು.